ಗುಬ್ಬಿ ಹಾರಿಸುವ ಸದ್ದು

“ಹುರ್ರ್ರ್! ಹುರ್ರ್ರ್ರ್!”

ನೀಲಾಂಬಿಕ ಕೂಗಿದ್ದೇ ತಡ, ಚಾಪೆಯ ಮೇಲಿದ್ದ ಗುಬ್ಬಿಗಳೆಲ್ಲ ಬುರ್ರನೆ ಎದ್ದವು. ಎದ್ದು ಹೋದದ್ದಾದರೂ ಎಲ್ಲಿಗೆ? ಎದುರಿನ ಬೇಲಿಗೆ! ಅವಳು ಇತ್ತ ತಿರುಗಿದರೆ ಸಾಕು, ಅವು ಮತ್ತೆ ಹಾಜರ್.

ಅವ್ವ ನಿನ್ನೆ ಹಂಡೆ ತುಂಬ ಭತ್ತ ಬೇಯಿಸಿದ್ದಳು. ಅದೀಗ ಅಂಗಳದ ಚಾಪೆಗಳ ಮೇಲೆ ಒಣಗುತ್ತಿತ್ತು. ಸ್ಕೂಲಿಗೆ ಹೊರಡುವವರೆಗೆ ಗುಬ್ಬಿ ಕಾಯುವುದು ನೀಲಾಂಬಿಕಳ ಕೆಲಸ. ಮನೆಯಲ್ಲಿ ಎಲ್ಲರೂ ಅವಳನ್ನು ನೀಲಾ ಎನ್ನುತ್ತಿದ್ದರು.

“ನೀಲಾ, ನಾಳೆ ಶನಿವಾರ ಅಲ್ವೇನೆ? ಇಂಗ್ಲಿಷ್ ಪಾಠ ಓದ್ಕೊಂಡ್ಯಾ?” ಅವ್ವ ಒಳಗಿನಿಂದಲೇ ಕೇಳಿದಳು.

“ಇಲ್ಲ. ಓದೋದೂ ಇಲ್ಲ.”

“ಮೇಷ್ಟ್ರು ಸುಮ್ನೆ ಬಿಡ್ತಾರಾ?”

“ನಾಲ್ಕನೇ ಕ್ಲಾಸಿಗೆ ಹಾಕ್ತಾರಂತೆ. ಹಾಕ್ಲಿ. ನಾನು ಬಾಯಿ ಬಿಡಲ್ಲ ಅಂದ್ರೆ ಬಿಡಲ್ಲ.”

ಅವ್ವ ಬಾಗಿಲಿಗೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು. ಬೈಯಲಿಲ್ಲ. “ಬಾಯಿ ನಿಂದು ಮಗಳೇ. ಆದ್ರೆ ನಾಲ್ಕನೇ ಕ್ಲಾಸಲ್ಲಿ ನಿನ್ನ ತಮ್ಮ ಇದಾನೆ. ಅವನ ಪಕ್ಕ ನೀನು ಕೂತ್ರೆ, ಸಂಜೆ ಮನೇಲಿ ಅವನ ದರ್ಬಾರು ನೋಡಾಕಾಗಲ್ಲ.”

ನೀಲಾ ಮುಖ ಊದಿಸಿಕೊಂಡಳು. ಅದು ಅವಳಿಗೂ ಗೊತ್ತಿತ್ತು.

ಆದದ್ದು ಇಷ್ಟು. ಐದನೇ ಕ್ಲಾಸಿಗೆ ಬಂದ ಮೇಲೆಯೇ ಅವರಿಗೆಲ್ಲ ಇಂಗ್ಲಿಷ್ ಶುರುವಾಗಿತ್ತು. ಹೋದ ವಾರ ಶಿವಮೂರ್ತಪ್ಪ ಮೇಷ್ಟ್ರು ಅವಳನ್ನು ಎಬ್ಬಿಸಿ, ಬೇಲಿಯಿಂದ ಬಿದ್ದ ನರಿಯ ಪಾಠ ಓದಿಸಿದ್ದರು. ಅವಳು, “ದಿ ಪಾಕ್ಸ್ ಪೆಲ್ ಆಪ್ ದಿ ಪೆನ್ಸ್” ಎಂದಿದ್ದಳು.

“ಪಾಕ್ಸ್ ಅಲ್ಲವ್ವಾ, ಫಾಕ್ಸ್! ಕೆಳತುಟಿ ಮೇಲಿನ ಹಲ್ಲಿಗೆ ತಾಗ್ಸಿ ಗಾಳಿ ಬಿಡು,” ಎಂದು ಮೇಷ್ಟ್ರು ಮಾಡಿ ತೋರಿಸಿದರು.

ಅವಳು ತುಟಿ ಕಚ್ಚಿದಳು. ಬಂದದ್ದು ಮತ್ತೆ ‘ಪಾಕ್ಸ್’ ಎಂದೇ.

“ಬೆಲ್ಲದ ಪಾಕಾ!” ಹಿಂದಿನಿಂದ ವೀರಬಸಪ್ಪ ಪಿಸುಗುಟ್ಟಿದ. ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಅವಳು ಏನೋ ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರು, “ಸಾಕು, ಕೂತ್ಕೋ. ಮುಂದಿನವರು!” ಎಂದುಬಿಟ್ಟರು. ಕೇಳಬೇಕಾದದ್ದು ಗಂಟಲಲ್ಲೇ ಉಳಿಯಿತು.

ಅಂದಿನಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ನೀಲಾ ಮೂಗಿ. ಮೇಷ್ಟ್ರು ಎಬ್ಬಿಸಿದರೆ ಎದ್ದು ನಿಲ್ಲುವಳು. ಓದು ಎಂದರೆ ಗೋಡೆ ನೋಡುವಳು. ಕೊನೆಗೆ ಅವರೇ ಹೇಳಿದ್ದರು: “ಶನಿವಾರ ಓದ್ಲಿಲ್ಲ ಅಂದ್ರೆ ನಾಲ್ಕನೇ ಕ್ಲಾಸಿಗೇ ಹೋಗಿ ಕೂತ್ಕೊಳ್ಳವ್ವಾ. ಅಲ್ಲಿ ಇಂಗ್ಲಿಷಿನ ಕಾಟ ಇಲ್ಲ.”

ಅದನ್ನೇ ನೆನೆಯುತ್ತ ನಿಂತಿದ್ದಾಗ ಗುಬ್ಬಿಗಳು ಮತ್ತೆ ಇಳಿದವು. ಅವಳು ಸಿಟ್ಟನ್ನೆಲ್ಲ ಸೇರಿಸಿ, “ಹುರ್ರ್ರ್ರ್!” ಎಂದಳು.

ಅಂಗಳದ ಮುಂದೆ ಒಂದು ಜೀಪು ಗಕ್ಕನೆ ನಿಂತಿತು.

ಸೊರಬದ ಕಡೆಯಿಂದ ಆ ಜೀಪು ಕ್ಯಾಸನೂರಿನ ಕಾಡಿಗೆ ದಿನವೂ ಹೋಗುತ್ತಿತ್ತು. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಜನರಿಗೂ ಕೆಟ್ಟ ಜ್ವರ ಬರುತ್ತಿತ್ತು. ಅದು ಯಾಕೆಂದು ತಿಳಿಯಲು ದೂರದ ಅಮೆರಿಕದಿಂದಲೂ ಡಾಕ್ಟರುಗಳು ಬಂದಿದ್ದರು. ಜೀಪಿನಿಂದ ಇಳಿದದ್ದು ಅಂಥ ಒಬ್ಬ ಡಾಕ್ಟರಮ್ಮ. ಅವರ ಜೊತೆಗೆ ಮಾತು ತಿಳಿಸಿ ಹೇಳುವ ಕಂಪೌಂಡರ್ ಸುಬ್ಬಪ್ಪ.

“ಅಕ್ಕಾರೆ, ಮನೇಲಿ ಯಾರಿಗಾದ್ರೂ ಜ್ವರ ಐತಾ?” ಸುಬ್ಬಪ್ಪ ಅವ್ವನನ್ನು ಕೇಳಿದ.

“ಸದ್ಯ ಇಲ್ಲಪ್ಪ. ದೇವರು ಕಾಯಲಿ.”

ಡಾಕ್ಟರಮ್ಮ ಮಾತ್ರ ನೀಲಾಳನ್ನೇ ನೋಡುತ್ತಿದ್ದರು. ಅವಳ ಗಂಟಲು ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸುಬ್ಬಪ್ಪ ನಕ್ಕ. “ಆಗ ಕೂಗಿದ್ಯಲ್ಲ, ಅದನ್ನ ಇನ್ನೊಂದ್ಸಲ ಕೂಗ್ಬೇಕಂತೆ ಕಣವ್ವ.”

“ಹುರ್ರ್ರ್ರ್!”

ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಆಮೇಲೆ ಉದ್ದಕ್ಕೆ ಏನೋ ಹೇಳಿದರು. ಸುಬ್ಬಪ್ಪ ಅದನ್ನು ಕನ್ನಡಕ್ಕೆ ಇಳಿಸಿದ: “ಇವರು ಇಲ್ಲಿಗೆ ಬರೋಕೆ ಮುಂಚೆ ಬೇರೆ ಒಂದು ದೇಶದಾಗೆ ಇದ್ರಂತೆ. ಅಲ್ಲಿ ಸ್ಪ್ಯಾನಿಷ್ ಅನ್ನೋ ಭಾಷೆ. ನಾಯಿಗೆ ಅವರು ಪೆರ್ರೋ ಅಂತಾರಂತೆ. ಇಂಗ್ಲಿಷಿನೋರ ನಾಲಿಗೇಲಿ ಆ ರ್ರ್ರ್ ಹೊರಳೋದೇ ಇಲ್ವಂತೆ. ಇವರು ಬಾಯಿ ಬಿಟ್ರೆ ಸಂತೆಯೋರೆಲ್ಲ ನಗ್ತಿದ್ರಂತೆ.”

“ಪೆರ್ರ್ರೋ!” ಎಂದಳು ನೀಲಾ. ಅದರಲ್ಲೇನಿದೆ ಕಷ್ಟ?

ಡಾಕ್ಟರಮ್ಮ ತಾವೂ ಹೇಳಿದರು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು ಮಾತಾಡಿದ ಹಾಗಾಯಿತು. ನೀಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಏಯ್, ದೊಡ್ಡೋರನ್ನ ನೋಡಿ ನಗ್ತಾರೇನೆ?” ಅವ್ವ ಗದರಿದಳು.

ಡಾಕ್ಟರಮ್ಮನಿಗೆ ಬೇಸರವಾಗಲಿಲ್ಲ. ನೀಲಾ ನಕ್ಕು ಮುಗಿಸುವವರೆಗೆ ಸೊಂಟಕ್ಕೆ ಕೈಕೊಟ್ಟು ಕಾದರು. ಆಮೇಲೆ ತಮ್ಮ ಹೊಸ ಕನ್ನಡದಲ್ಲಿ ಕೇಳಿದರು: “ಇನ್ನೊಂಡು ಸಲಾ?”

ಈಗ ನೀಲಾ ಮೇಡಂ ಆದಳು. “ನಾಲಿಗೆ ಒಳಗಡೆ ಮಡಿಚ್ಬ್ಯಾಡ್ರಿ! ಇಲ್ಲಿಡ್ರಿ, ಹಲ್ಲಿನ ಹಿಂದೆ. ಸಡಿಲ ಬಿಟ್ಟು ಜೋರಾಗಿ ಊದ್ರಿ.”

ಮತ್ತೆ ಬಿಸಿ ಗೆಣಸು. ಮತ್ತೆ ನಗು. ಮತ್ತೆ “ಇನ್ನೊಂಡು ಸಲಾ?” ಪಾಠದ ಗಲಾಟೆಯಲ್ಲಿ ಗುಬ್ಬಿಗಳು ಚಾಪೆಗೆ ಇಳಿದದ್ದನ್ನು ಯಾರೂ ನೋಡಲಿಲ್ಲ. ಡಾಕ್ಟರಮ್ಮನೇ ಮೊದಲು ಅವನ್ನು ಕಂಡರು. ಕೈಬೀಸುತ್ತ ಅವುಗಳ ಹಿಂದೆ ಓಡಿದರು. ಓಡುವ ಭರದಲ್ಲಿ ಅವರ ಬಾಯಿಂದ ತುಂಡು ಸದ್ದೊಂದು ಉರುಳಿಬಿತ್ತು: “ಹುರ್ರ್!”

ಗುಬ್ಬಿಗಳು ಎದ್ದು ಹಾರಿದವು.

“ಬಂತು! ಬಂತು!” ನೀಲಾ ಕುಣಿದಳು. “ಸುಬ್ಬಪ್ಪಣ್ಣಾ, ಹೇಳ್ರಿ ಅವರಿಗೆ. ಗುಬ್ಬಿ ಹಾರಿದ್ರೆ ಪಾಸು ಅಂತ!”

ಜೀಪು ಹೋದ ಮೇಲೆ ಅಂಗಳ ಬಿಕೋ ಎಂದಿತು. ನೀಲಾ ಬೇಲಿಯ ಕಡೆ ತಿರುಗಿ ಕೂತಳು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಗಾಳಿ ಬಿಟ್ಟಳು. ಅಂಗೈ ಮೇಲೆ ಇಟ್ಟುಕೊಂಡಿದ್ದ ಭತ್ತದ ಹೊಟ್ಟು ಹಾರಿತು.

“ಏನೇ ಅದು, ಒಲೆ ಊದ್ತಿದೀಯಾ?” ಅವ್ವ ಕೇಳಿದಳು.

“ಏನಿಲ್ಲ.”

ಅವ್ವ ನಗು ಮುಚ್ಚಿಕೊಂಡು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಅದೇ ಜೀಪು ಸ್ಕೂಲಿಗೂ ಬಂತು. ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ಕೂತರು. ಡಾಕ್ಟರಮ್ಮ ಮುಂದೆ ನಿಂತು ಕನ್ನಡದಲ್ಲಿ ಹೇಳಿದರು: “ಮಕ್ಕಳೇ, ಸಟ್ಟ ಮಂಗ ಮುಟ್ಟಬೇಡಿ.”

ಕಿಸಕ್ಕೆಂದು ನಗು. ಅವರು ನಿಲ್ಲಿಸಿದರು. ಕಣ್ಣು ಸಾಲಿನಲ್ಲಿದ್ದ ನೀಲಾಳ ಮೇಲೆ ಬಿತ್ತು. “ಇನ್ನೊಂಡು ಸಲಾ,” ಎಂದು ನಾಲಿಗೆಯನ್ನು ಹಲ್ಲಿಗೆ ತಂದರು. “ಸತ್ತ ಮಂಗ ಮುಟ್ಟಬೇಡಿ. ಮನೆಯಲ್ಲಿ ಹೇಳಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಶಿವಮೂರ್ತಪ್ಪ ಮೇಷ್ಟ್ರು. “ಎಷ್ಟು ಚೆಂದ ಕನ್ನಡ ಮಾತಾಡ್ತಾರೆ ನೋಡ್ರೋ!”

ನೀಲಾಳ ಕೈ ಅರ್ಧಕ್ಕೇ ನಿಂತಿತು. ಸಟ್ಟ ಎಂದರೂ ಚೆಂದವಂತೆ! ಹಾಗಾದರೆ ಪಾಕ್ಸ್? ಅವಳಿಗೆ ಸಿಟ್ಟು ಬಂತು. ಆದರೆ ಡಾಕ್ಟರಮ್ಮನ ಮೇಲೆ ಅಲ್ಲ. ನಿನ್ನೆ ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ತಾನೇ. ಅಷ್ಟು ನಕ್ಕರೂ ಡಾಕ್ಟರಮ್ಮ ಬಾಯಿ ಮುಚ್ಚಿರಲಿಲ್ಲ.

ಜೀಪು ಹೋಯಿತು. ಇಂಗ್ಲಿಷ್ ಪೀರಿಯಡ್ಡು ಬಂತು.

“ಏನವ್ವಾ ನೀಲಾಂಬಿಕ? ಓದ್ತೀಯೋ, ತಮ್ಮನ ಹತ್ರ ಹೋಗ್ತೀಯೋ?”

ಅವಳು ಪುಸ್ತಕ ಹಿಡಿದು ಎದ್ದಳು. ಗೋಡೆ ನೋಡಲಿಲ್ಲ. ತುಟಿಯನ್ನು ಹಲ್ಲಿಗೆ ತಾಗಿಸಿದಳು.

“ದಿ... ಫಾಕ್ಸ್...”

ಬಂತು! ಖುಷಿಗೆ ಅವಳ ನಾಲಿಗೆ ಓಡಿತು. “ಪೆಲ್ ಆಪ್ ದಿ ಪೆನ್ಸ್.”

“ಪಾಕ ಇಲ್ಲ, ಬರೀ ಪೆನ್ಸು!” ಎಂದ ವೀರಬಸಪ್ಪ. ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಮೀಸೆಯೊಳಗೇ ನಕ್ಕು, “ಸಾಕು, ಕೂತ್ಕೋ,” ಎಂದರು.

ನೀಲಾ ಕೂರಲಿಲ್ಲ.

ಕಿವಿ ಬಿಸಿಯಾಗಿತ್ತು. ಆದರೂ ಪುಸ್ತಕ ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. ಮೊದಲು ಮುಂದಿನ ಸಾಲಿನ ನಗು ನಿಂತಿತು. ಆಮೇಲೆ ಹಿಂದಿನ ಸಾಲಿನದು. ವೀರಬಸಪ್ಪ ಒಬ್ಬನೇ ಇನ್ನೂ ಸ್ವಲ್ಪ ಹೊತ್ತು ನಕ್ಕು, ಜೊತೆಗೆ ಯಾರೂ ಇಲ್ಲವೆಂದು ತಿಳಿದು ಸುಮ್ಮನಾದ. ಹೊರಗೆ ಹಂಚಿನ ಮೇಲಿನ ಗುಬ್ಬಿಗಳ ಚಿಲಿಪಿಲಿ ಕೇಳತೊಡಗಿತು.

“ಏನು ನಿಂತೇ ಇದೀಯಲ್ಲ?” ಎಂದರು ಮೇಷ್ಟ್ರು.

ನೀಲಾ ಅವರನ್ನೇ ನೇರವಾಗಿ ನೋಡಿದಳು.

“ಎಲ್ಲರದೂ ನಗೋದು ಮುಗೀತಾ ಸಾರ್? ಇನ್ನೊಂದ್ಸಲ ಓದ್ಲಾ?”