ಕಾಣ್ತದೆ ಅಂದವಳು

"ಕಣ್ಣು ಕಾಣಲ್ವೇನ್ರೀ ನಿಮಗೆ?!"

ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಮುಸ್ಸಂಜೆಯ ಹೊತ್ತು. ಆ ಕೂಗಿಗೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ನೆಲದ ಮೇಲೆ ಥರ್ಮೋಕೋಲ್ ಪೆಟ್ಟಿಗೆಯೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು. ಐಸ್ ಚೂರುಗಳ ಜೊತೆ ಪುಟ್ಟ ಪುಟ್ಟ ರಕ್ತದ ಟ್ಯೂಬುಗಳು ಎಲ್ಲೆಂದರಲ್ಲಿ ಉರುಳುತ್ತಿದ್ದವು.

ಪೆಟ್ಟಿಗೆಗೆ ಡಿಕ್ಕಿ ಹೊಡೆದವಳು ನಿಶ್ಮಿತಾ. ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸ ಅವಳದು. ಅಂದು ಲೇಟಾಗಿತ್ತು, ಕತ್ತಲಾಗುವ ಮೊದಲು ಮನೆ ಸೇರುವ ಅವಸರದಲ್ಲಿದ್ದಳು.

"ಕಾಣ್ತದೆ! ಚೆನ್ನಾಗೇ ಕಾಣ್ತದೆ! ದಾರಿ ಮಧ್ಯ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ದು ನೀವು!"

ಮಾತೇನೋ ಖಡಕ್ಕಾಗಿಯೇ ಬಂತು. ಆದರೆ ಅದನ್ನು ಅವಳು ಕೂಗಿದವನಿಗೆ ಹೇಳಲಿಲ್ಲ, ಅವನ ಪಕ್ಕದ ಲೈಟು ಕಂಬಕ್ಕೆ ಹೇಳಿದಳು!

ಅವನ ಸಿಟ್ಟು ಜರ್ರನೆ ಇಳಿಯಿತು. ಮೆಲ್ಲಗೆ ಕೈಯೆತ್ತಿ ಅವಳ ಕಿವಿಯ ಹತ್ತಿರ ಬೆರಳು ಆಡಿಸಿದ. ಅವಳು ರೆಪ್ಪೆ ಮಿಟುಕಿಸಲಿಲ್ಲ.

"ಪಕ್ಕದಲ್ಲಿರೋದು ನಿಮಗೆ ಕಾಣಲ್ಲ. ಸಂಜೆಯಾದ್ರೆ ಎದುರಿಗಿರೋದೂ ಕಾಣಲ್ಲ. ಅಲ್ವಾ?"

ನಿಶ್ಮಿತಾ ಒಂದು ಹೆಜ್ಜೆ ಹಿಂದೆ ಸರಿದಳು. ಯಾರಿವನು? ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲದ್ದು ಇವನಿಗೆ ಹೇಗೆ ಗೊತ್ತಾಯಿತು...?

"ನಾನು ದಿಗಂತ್. ಸೋಮವಾರಪೇಟೆಯವನು. ಮೈಸೂರಿನ ಲ್ಯಾಬಲ್ಲಿ ಕಣ್ಣಿನ ಮೇಲೇ ಕೆಲಸ ಮಾಡ್ತೀನಿ. ಇಲ್ಲಿನ ಕಣ್ಣಿನ ಕ್ಲಿನಿಕ್ಕಿಗೆ ಇಂಥ ಕಣ್ಣುಗಳನ್ನೇ ಹುಡುಕ್ಕೊಂಡು ಬಂದಿದ್ದೆ, ಈ ರಕ್ತವೂ ಅಂಥವರದ್ದೇ... ಅಂಥ ಕಣ್ಣಿನವರಿಗೇ ಕಣ್ಣು ಕಾಣಲ್ವಾ ಅಂತ ಬೈದ್ಬಿಟ್ನಲ್ಲ. ಕ್ಷಮಿಸಿ."

ಕ್ಷಮೆ ಕೇಳುವ ಗಂಡಸನ್ನು ಅವಳು ನೋಡಿದ್ದೇ ಕಡಿಮೆ. ಆ ದಿನ ಅವನ ಮುಖವನ್ನೂ ಸರಿಯಾಗಿ ನೋಡಲಾಗಲಿಲ್ಲ. ಧ್ವನಿ ಮಾತ್ರ ಮನೆಯವರೆಗೂ ಜೊತೆಗೇ ಬಂತು.

ನಿಶ್ಮಿತಾಳ ಮನೆತನ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ್ದು. ಬರುವಾಗ ದನಕರು, ಪಾತ್ರೆಪಗಡಿಯ ಜೊತೆ ಇರುಳುಗುರುಡನ್ನೂ ತಂದಿತ್ತು. ಅಜ್ಜಿ ಗೋಡೆ ಸವರುತ್ತಲೇ ತೀರಿಕೊಂಡಿದ್ದಳು. ಅದಕ್ಕೇ ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ರಂಗೋಲಿಗಿಂತ ಮೊದಲು ಕಲಿಸುತ್ತಿದ್ದ ವಿದ್ಯೆ ಒಂದಿತ್ತು. ಕಾಣುವವರ ಹಾಗೆ ನಡೆಯುವುದು! ಸದ್ದು ಬಂದ ಕಡೆ ಮುಖ ತಿರುಗಿಸಿ ನಗುವುದು, ಹೆಣ್ಣು ನೋಡಲು ಬಂದವರಿಗೆ ಒಂದು ತೊಟ್ಟೂ ಚೆಲ್ಲದಂತೆ ಕಾಫಿ ಕೊಡುವುದು.

"ಯಾರು ಕೇಳಿದ್ರೂ ಕಾಣ್ತದೆ ಅನ್ನವ್ವ," ಎಂದು ತಾಯಿ ಕಾಮಾಕ್ಷಮ್ಮ ತಲೆ ಬಾಚುತ್ತಲೇ ಹೇಳಿಕೊಡುತ್ತಿದ್ದರು. "ಒಂದ್ಸಲ ಕಾಣಲ್ಲ ಅಂದ್ರೆ ಮುಗೀತು, ನಿಂಗೂ ಗಂಡಿಲ್ಲ, ನಿನ್ ತಂಗಿ ಸುಧಾಗೂ ಗಂಡಿಲ್ಲ."

ಹೊರಗೆ ಗಂಡು ಸಿಗದಿದ್ದರೆ ಸೋದರಮಾವ ಇದ್ದೇ ಇರುತ್ತಿದ್ದ. ಕಾಮಾಕ್ಷಮ್ಮ ಕೈಹಿಡಿದಿದ್ದು ತಮ್ಮ ಸೋದರಮಾವನನ್ನೇ. ಈಗ ನಿಶ್ಮಿತಾಳಿಗೂ ಅವರ ತಮ್ಮ ನವೀನ್ ಕಾದಿದ್ದ. ಮನೆಯ ಗುಟ್ಟು ಮನೆಯಲ್ಲೇ ಉಳಿಯುತ್ತಿತ್ತು, ಕಾಯಿಲೆಯೂ ಮನೆಯಲ್ಲೇ ಬೆಳೆಯುತ್ತಿತ್ತು.

ಒಂದು ವಾರ ಒದ್ದಾಡಿ ನಿಶ್ಮಿತಾ ದಿಗಂತ್ ಹೇಳಿದ್ದ ಕಣ್ಣಿನ ಕ್ಲಿನಿಕ್ಕಿಗೆ ಹೋದಳು.

"ಕಣ್ಣಿನ ಹಿಂದೆ ಒಂದು ಪರದೆ ಇದೆ," ದಿಗಂತ್ ವಿವರಿಸಿದ. "ಅದರಲ್ಲಿ ಬೆಳಕು ಹಿಡಿಯೋ ಜೀವಕೋಶಗಳಿವೆ. ನಿಮಗೆ ಅವು ಅಂಚಿನಿಂದ ಸಾಯ್ತಾ ಬರ್ತಿವೆ. ನಮ್ಮ ಮೈಯಲ್ಲೇ ಒಂದು ಪ್ರೋಟೀನ್ ಇದೆ, ಆ ಕೋಶಗಳನ್ನ ಕಾಯುತ್ತೆ. ಕಾಫಿ ಗಿಡಕ್ಕೆ ನೆರಳಿನ ಮರ ಇರಲ್ವಾ, ಹಾಗೆ. ಅದನ್ನೇ ಹೊರಗಿಂದ ಕೊಟ್ಟು ನೋಡ್ತಿದ್ದೀವಿ."

"ಸತ್ತ ಗಿಡ ಚಿಗುರ್ತದಾ?"

"ಇಲ್ಲ," ಅವನು ಸುಳ್ಳು ಹೇಳಲಿಲ್ಲ. "ಇರೋದು ಉಳೀಬಹುದು. ಬಹುದು ಅಷ್ಟೇ."

ಆ 'ಬಹುದು'ವನ್ನೇ ಹಿಡಿದುಕೊಂಡು ಅವಳು ಕಣ್ಣಿಗೆ ಸೂಜಿ ಚುಚ್ಚಿಸಿಕೊಂಡಳು. ಪ್ರತಿ ತಿಂಗಳೂ ಹೋದಳು. ಸೂಜಿ ಹಾಕುತ್ತಿದ್ದುದು ಕ್ಲಿನಿಕ್ಕಿನ ಡಾಕ್ಟರಮ್ಮ, ಪರೀಕ್ಷೆ ಮಾಡುತ್ತಿದ್ದುದು ದಿಗಂತ್. ಮುಗಿದ ಮೇಲೆ ಬಸ್ಸಿನವರೆಗೆ ಅವನೇ ಬಿಡುತ್ತಿದ್ದ. ಅವಳ ಪಕ್ಕಕ್ಕೆ ಬರುವ ಮುನ್ನ ಬೈಕಿನ ಕೀ ಗೊಂಚಲನ್ನು ಝಣ್ ಎನ್ನಿಸುತ್ತಿದ್ದ. ತಾನಿದ್ದೇನೆ ಎಂದು ತಿಳಿಸಲು!

"ಈ ಹೋಟೆಲಿನ ಕಾಫೀಲಿ ಚಿಕೋರಿನೇ ಜಾಸ್ತಿ," ಅವಳು ಮೂಗು ಮುರಿಯುತ್ತಿದ್ದಳು.

"ಬೀಜ ಆರಿಸೋರನ್ನ ಕಾಫಿ ಕುಡಿಯೋಕೆ ಕರೆದ್ರೆ ಇದೇ ಗತಿ," ಅವನು ನಗುತ್ತಿದ್ದ.

ಆ ನಗು ಮಾತ್ರ ಅವಳಿಗೆ ಪೂರ್ತಿ ಕಾಣುತ್ತಿತ್ತು. ಉಳಿದಿದ್ದ ದೃಷ್ಟಿಯ ನಡುವಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಅಯ್ಯೋ ಹುಚ್ಚಿ, ಅವನು ಪ್ರೀತಿಸುತ್ತಿರುವುದು ಪ್ರೋಟೀನನ್ನು, ನಿನ್ನನ್ನಲ್ಲ... ಎಂದು ಮನಸ್ಸಿಗೆ ಬುದ್ಧಿ ಹೇಳಿದಳು. ಮನಸ್ಸು ಯಾರ ಮಾತು ಕೇಳಿದೆ?

ಪರೀಕ್ಷೆಗೆ ಬೋಗುಣಿಯಂಥ ಯಂತ್ರವೊಂದಿತ್ತು. ಗಲ್ಲ ಊರಿ, ನಡುವಿನ ಚುಕ್ಕೆಯನ್ನೇ ನೋಡುತ್ತ ಕೂರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೊದಮೊದಲು ಅವಳು ಪ್ರಾಮಾಣಿಕವಾಗಿಯೇ ಒತ್ತಿದಳು. ಸ್ಕ್ರೀನಿನ ಚಿತ್ರದಲ್ಲಿ ಅಂಚಿನಿಂದ ಒಳಗೆ ಬರೀ ಕಪ್ಪು. ಅದನ್ನು ನೋಡಿದ ದಿಗಂತನ ಮುಖ ಬಾಡಿಹೋಯಿತು. ಆ ದಿನ ಅವನು ಕಾಫಿಗೂ ಕರೆಯಲಿಲ್ಲ.

ಅವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಮುಂದಿನ ಸಲ ಅವಳ ಕಿವಿಗೆ ಒಂದು ವಿಷಯ ಸಿಕ್ಕಿತು. ಬೆಳಕು ಬರುವ ಮುನ್ನ ಯಂತ್ರ ಸಣ್ಣಗೆ 'ಟಿಕ್' ಎನ್ನುತ್ತಿತ್ತು. ಹುಟ್ಟಿದಾಗಿನಿಂದ ಕಿವಿಯಲ್ಲೇ ನೋಡಿ ಬೆಳೆದವಳಿಗೆ ಅಷ್ಟು ಸಾಕಲ್ಲ... ಟಿಕ್ ಎಂದರೆ ಒತ್ತಿದಳು. ಬೆಳಕು ಕಾಣಲಿಲ್ಲ, ಆದರೂ ಒತ್ತಿದಳು. ಅಮ್ಮ ಕಲಿಸಿದ ವಿದ್ಯೆ!

"ನಿಶ್ಮಿತಾ!" ದಿಗಂತ್ ಕೂಗಿಬಿಟ್ಟ. "ಅಂಚು ಬಿಳಿಯಾಗಿದೆ! ನಿಜವಾಗ್ಲೂ ಕಾಣ್ತಿದೆಯಾ?"

"ಕಾಣ್ತದೆ," ಎಂದಳು.

ಅವನ ಕಣ್ಣಲ್ಲಿ ನೀರು ಬಂತು. ಅದಾದ ಮೇಲೆ ಪ್ರತಿ ತಿಂಗಳೂ ಅವಳು ಒತ್ತಿದಳು, ಅವನು ನಕ್ಕ. ಸುಳ್ಳಿನ ಮೇಲೆ ಸುಳ್ಳು, ನಗುವಿನ ಮೇಲೆ ನಗು...

ಆದರೆ ಕಾಫಿ ಬೀಜ ಸುಳ್ಳು ಹೇಳುವುದಿಲ್ಲ.

"ಎಂಥ ಕೂಸೇ, ಕಪ್ಪು ಬೀಜ ಎಲ್ಲ ಹಾಗೇ ಹೋಗ್ತಾ ಉಂಟಲ್ಲ?" ಸೂಪರ್‌ವೈಸರ್ ಬೆಳ್ಳಿಯಪ್ಪ ಒಂದು ಬೆಳಿಗ್ಗೆ ಮೇಜಿನ ಮುಂದೆ ನಿಂತು ಗದರಿದರು. ನಿಶ್ಮಿತಾ ಬಗ್ಗಿ ನೋಡಿದಳು. ಯಾವತ್ತೂ ಕೈಕೊಡದ ನಡುವಿನ ದೃಷ್ಟಿಯೂ ಮಸುಕಾಗಿತ್ತು. ಔಷಧಿ ಉಳಿಸುತ್ತಿರಲಿಲ್ಲ. ಇದ್ದದ್ದನ್ನೂ ತಿನ್ನುತ್ತಿತ್ತೋ ಏನೋ!

ಅದೇ ಸಂಜೆ ದಿಗಂತನ ಫೋನ್ ಬಂತು. ಧ್ವನಿಯಲ್ಲಿ ಹಬ್ಬವಿತ್ತು.

"ನಿಮ್ಮ ಡೋಸ್ ಕೆಲಸ ಮಾಡಿದೆ ಅಂದ್ಮೇಲೆ ಕಾಯೋದು ಯಾಕೆ? ಮೊನ್ನೆ ಸುಧಾ ಕಣ್ಣನ್ನೂ ಪರೀಕ್ಷೆ ಮಾಡಿದ್ವಲ್ಲ, ಅವಳಿಗೆ ಅಂಚು ಇನ್ನೂ ಜೀವಂತ ಇದೆ. ನಾಳೆ ಬೆಳಿಗ್ಗೆ ಅವಳಿಗೂ ಅದೇ ಡೋಸ್. ಎಲ್ಲಾ ನಿಮ್ಮ ಕಣ್ಣಿಂದ ನಿಶ್ಮಿತಾ! ನಾನು ಇಷ್ಟು ವರ್ಷ ಕಾದಿದ್ದು ಈ ಕಣ್ಣಿಗೇ!"

ಕಣ್ಣಿಗೆ... ನನಗಲ್ಲ. ಕಣ್ಣಿಗೆ!

ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ತಂಗಿಯ ಕಣ್ಣು ಹೋಗುತ್ತದೆ. ಆ ರಾತ್ರಿ ಅವಳು ಮಲಗಲಿಲ್ಲ.

ಬೆಳಿಗ್ಗೆ ಸುಧಾಳ ಕಣ್ಣಿಗೆ ಮರಗಟ್ಟುವ ಹನಿ ಹಾಕಿ ಮಲಗಿಸಿದ್ದರು. ಡಾಕ್ಟರಮ್ಮ ಕೈಗೆ ಗ್ಲೌಸ್ ಹಾಕುತ್ತಿದ್ದರು. ಬಾಗಿಲಲ್ಲಿದ್ದ ಸ್ಟೂಲು ಎಡವಿಕೊಂಡೇ ನಿಶ್ಮಿತಾ ಒಳನುಗ್ಗಿದಳು.

"ಬೇಡ! ಅವಳಿಗೆ ಹಾಕ್ಬೇಡಿ! ನಂಗೆ ಕಾಣ್ತಿಲ್ಲ... ಯಾವತ್ತೂ ಕಾಣ್ಲಿಲ್ಲ! ಸದ್ದು ಕೇಳಿ ಗುಂಡಿ ಒತ್ತಿದ್ದೆ!"

ಡಾಕ್ಟರಮ್ಮ ಗ್ಲೌಸ್ ಕಳಚಿದರು.

"ಯಾಕೆ?" ಎಂದ ದಿಗಂತ್.

"ನೀವು ನಗಲಿ ಅಂತ..."

ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಷ್ಟಕ್ಕೇ ಅವಳ ಪಾಲಿಗೆ ಇಲ್ಲವಾದ. ಅವಳು ತಲೆ ತಿರುಗಿಸಿ ಹುಡುಕಿದಳು. ಗೋಡೆ, ಕಿಟಕಿ, ಡಾಕ್ಟರಮ್ಮನ ಬಿಳಿ ಕೋಟು... ದೂರದಲ್ಲಿ ಬಾಗಿಲು ಮುಚ್ಚಿಕೊಂಡಿತು. ಹೋಗುವಾಗ ಕೀ ಗೊಂಚಲು ಸದ್ದು ಮಾಡಲಿಲ್ಲ.

ಅಂದಿನಿಂದ ಅವನ ಫೋನ್ ಸ್ವಿಚ್ ಆಫ್. ಕ್ಲಿನಿಕ್ಕಿನಲ್ಲಿ ಕೇಳಿದರೆ, "ಪರೀಕ್ಷೆ ನಿಲ್ಸಿದ್ದಾರಮ್ಮ, ಅವರು ಬರಲ್ಲ," ಎಂದರು. ಆರಿಸುವ ಕೆಲಸವೂ ಹೋಯಿತು. ಅವನ ವರ್ಷಗಳ ದುಡಿಮೆಯನ್ನು ಒಂದು ಗುಂಡಿಯಲ್ಲಿ ಮುಗಿಸಿಬಿಟ್ಟೆನಲ್ಲ! ಹಗಲಲ್ಲೂ ಅವಳು ಕಣ್ಣು ಮುಚ್ಚಿಕೊಂಡೇ ಕೂರತೊಡಗಿದಳು. ತೆರೆದರೂ ನೋಡಬೇಕಾದ ಮುಖ ಇರಲಿಲ್ಲ.

"ನವೀನ ಒಪ್ಪವ್ನೆ," ಕಾಮಾಕ್ಷಮ್ಮ ಪಕ್ಕದಲ್ಲಿ ಕೂತು ಹೇಳಿದರು. "ಭಾನುವಾರ ಎಲೆ ಅಡಿಕೆ ಇಡಾನ. ಅವ್ನಾದ್ರೆ ನಿನ್ನ ಎಸೆಯಾಕಿಲ್ಲ."

"ಆಯ್ತು," ಎಂದಳು ನಿಶ್ಮಿತಾ. ಅವಳ ಬಾಯಿಂದ ಅಂದು ಬಂದ ಮಾತು ಅದೊಂದೇ.

ಭಾನುವಾರ ಬೆಳಿಗ್ಗೆ. ಒಳಗೆ ಸುಧಾ ತಟ್ಟೆಗೆ ಎಲೆ ಜೋಡಿಸುತ್ತಿದ್ದಳು. ನವೀನನ ಮನೆಯವರು ಇನ್ನೂ ಬಂದಿರಲಿಲ್ಲ. ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಆಮೇಲೆ...

ಝಣ್!

ನಿಶ್ಮಿತಾ ತಲೆ ಎತ್ತಿದಳು. ಬೇಡ ಮನಸೇ, ಇನ್ನೊಂದು ಸಲ ಬರೀ ಸದ್ದನ್ನು ನಂಬಬೇಡ...

"ಏನ್ ಬಂದ್ರಿ?" ಕಾಮಾಕ್ಷಮ್ಮ ಬಾಗಿಲಿಗೆ ಅಡ್ಡ ನಿಂತರು. "ನಿಮ್ ಔಷ್ದಿನೂ ಸಾಕು, ನಿಮ್ ಪರೀಕ್ಷೆನೂ ಸಾಕು."

"ಪರೀಕ್ಷೆಗೆ ಬಂದಿಲ್ಲಮ್ಮ. ಅದರಿಂದ ನಾನು ಹೊರಗೆ ಬಂದೆ. ತಪ್ಪು ಒಪ್ಪಿಕೊಂಡು ಬಂದಿದ್ದೀನಿ." ದಿಗಂತ್ ಅವರ ಹೆಗಲ ಮೇಲಿಂದ ಒಳಗೆ ಇಣುಕಿದ. "ನಿಶ್ಮಿತಾ, ಕೇಳಿಸ್ತಿದೆಯಾ? ಆ ಯಂತ್ರ ಆಗಾಗ ಬೆಳಕೇ ಬಿಡದೆ ಬರೀ ಸದ್ದು ಮಾಡ್ತದೆ. ಒತ್ತೋರು ನಿಜ ಒತ್ತುತ್ತಿದ್ದಾರಾ ಅಂತ ತಿಳಿಯೋಕೆ. ನೀವು ಅದಕ್ಕೂ ಒತ್ತಿದ್ರಿ. ಸ್ಕ್ರೀನಿನ ಮೂಲೆಯಲ್ಲಿ ಕೆಂಪಗೆ ತೋರಿಸ್ತಿತ್ತು. ನಾನು ನೋಡ್ದೆ... ನೋಡಿಯೂ ಸುಮ್ನಿದ್ದೆ!"

ನಿಶ್ಮಿತಾ ಎದ್ದು ನಿಂತಳು. "ಯಾಕೆ...?"

"ನಿಜ ಅಂದ್ರೆ ನಿಮ್ಮ ಕಣ್ಣು ಉಳಿಯಲ್ಲ ಅಂತ ಒಪ್ಪಬೇಕಿತ್ತು. ನನ್ನಿಂದ ಆಗ್ಲಿಲ್ಲ. ಅವತ್ತು ಎದ್ದು ಹೋದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಸುಧಾ ಕಣ್ಣಿಗೆ ಸೂಜಿ ತಂದವನು ನಾನು, ನಿಮ್ಮ ಮುಖ ಹೇಗೆ ನೋಡ್ಲಿ? ಲ್ಯಾಬಿನ ದೊಡ್ಡವರ ಮುಂದೆ ಎಲ್ಲಾ ಹೇಳ್ಬಿಟ್ಟೆ. ವಿಚಾರಣೆ ಮುಗಿಯೋವರೆಗೂ ನಿಮ್ಮ ಜೊತೆ ಮಾತಾಡೋ ಹಾಗಿರ್ಲಿಲ್ಲ. ಆ ಪ್ರೋಟೀನ್ ಇನ್ನು ಬೇರೆಯವರ ಕೈಲಿ. ಸಣ್ಣ ಡೋಸಲ್ಲಿ ಮತ್ತೆ ಮೊದಲಿಂದ ನೋಡ್ತಾರೆ." ಅವನು ಕಾಮಾಕ್ಷಮ್ಮನ ಕಡೆ ತಿರುಗಿದ. "ಈಗ ನಾನು ವಿಜ್ಞಾನಿಯಾಗಿ ಬಂದಿಲ್ಲಮ್ಮ. ನಿಮ್ಮ ಮಗಳನ್ನ ಕೇಳೋಕೆ ಬಂದಿದ್ದೀನಿ."

ಹೆಣ್ಣು ಕೇಳಲು ಬಂದವರಿಗೆ ಆ ಮನೆಯಲ್ಲಿ ಹೇಳುತ್ತ ಬಂದ ಮಾತು ಒಂದೇ. ಅದು ಕಾಮಾಕ್ಷಮ್ಮನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಒಳಗಡೆ ಎಲೆ ಜೋಡಿಸುತ್ತಿದ್ದ ಸುಧಾಳನ್ನೊಮ್ಮೆ ತಿರುಗಿ ನೋಡಿ, ಅವರು ಅದನ್ನು ನುಂಗಿಕೊಂಡರು.

"ನನ್ ಮಗಳಿಗೆ ಕಣ್ಣು ಕಾಣಾಕಿಲ್ಲ ಕಣಪ್ಪ," ಎಂದುಬಿಟ್ಟರು. "ಮುಂದಕ್ಕೆ ಏನೇನೂ ಕಾಣಾಕಿಲ್ಲ. ನಮ್ಮವ್ವ ನನ್ನ ನಮ್ ಮಾವನಿಗೇ ಕೊಟ್ಲು, ನಾನೂ ಅದೇ ಮಾಡಕ್ಕೆ ಹೊರಟಿದ್ದೆ..." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದರು.

"ಗೊತ್ತಮ್ಮ," ಎಂದ ದಿಗಂತ್. "ಅವರ ಕಣ್ಣು ಎಷ್ಟು ಹೋಗಿದೆ ಅಂತ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೇ ಕೇಳ್ತಿದ್ದೀನಿ."

ಕಾಮಾಕ್ಷಮ್ಮ ಕಣ್ಣೊರೆಸಿಕೊಂಡು ಬಾಗಿಲಿಂದ ಸರಿದರು. "ನವೀನಂಗೆ ನಾನೇ ಹೇಳ್ಕತೀನಿ. ಬೈದ್ರೆ ಬೈಸ್ಕತೀನಿ. ಸುಧಾ, ಆ ಎಲೆ ತಟ್ಟೆ ಎತ್ತಿ ಒಳಗಿಡವ್ವ."

ನಿಶ್ಮಿತಾ ಹೊಸಿಲಿಗೆ ಬಂದಳು. ಬಿಸಿಲಿತ್ತು. ಆದರೂ ಅಂಗಳವೆಲ್ಲ ಮಸುಕು.

"ನನ್ನ ಕಣ್ಣಿಗೇ ಕಾದಿದ್ದೆ ಅಂದಿದ್ರಿ," ಎಂದಳು. "ಆ ಕಣ್ಣು ಇನ್ನಿರಲ್ಲ."

"ಆ ಕಣ್ಣು ನನ್ನನ್ನ ನೋಡ್ತಿತ್ತಲ್ಲ, ಅದಕ್ಕೆ ಕಾದಿದ್ದೆ ನಿಶ್ಮಿತಾ. ಹೇಳೋಕೆ ಬರ್ಲಿಲ್ಲ. ಪ್ರೋಟೀನ್ ಬಗ್ಗೆ ಗಂಟೆಗಟ್ಟಲೆ ಮಾತಾಡೋ ನಾನು ಇಷ್ಟು ಹೇಳೋಕೆ ಒದ್ದಾಡಿದೆ."

ಅವಳು ಅಳುತ್ತಲೇ ನಕ್ಕಳು.

"ನಾನು... ಕಾಣ್ತಿದ್ದೀನಾ?" ಅವನು ಮೆಲ್ಲಗೆ ಕೇಳಿದ.

ಚಿಕ್ಕಂದಿನಿಂದ ಕಲಿತ ಉತ್ತರ ಬಾಯಿಗೆ ಬಂತು. ಅವಳು ಅದನ್ನು ತಡೆದಳು.

"ಇಲ್ಲ," ಎಂದಳು. "ಒಂಚೂರು ಎಡಕ್ಕೆ ಬನ್ನಿ..."

ಝಣ್.

"ಈಗ?"

"ಈಗ್ಲೂ ಇಲ್ಲ. ಇನ್ನೊಂಚೂರು ಹತ್ರ."

"ಈಗ?"

ನಿಶ್ಮಿತಾ ಕೈ ಚಾಚಿ ಅವನ ಕೆನ್ನೆ ಮುಟ್ಟಿದಳು. ಬೆರಳು ಒದ್ದೆಯಾಯಿತು.

"ಹೂಂ... ಈಗ ಕಾಣ್ತದೆ. ಅಳ್ಬೇಡಿ."