ಸ್ವಲ್ಪ ಪಕ್ಕಕ್ಕೆ ಸರಿ

ಬೇಕರ್ಸ್‌ಫೀಲ್ಡಿನ ಚಳಿಗಾಲದ ಮಂಜೆಂದರೆ, ದೇವರು ಊರಿನ ಮೇಲೆ ಕಂಬಳಿ ಎಳೆದು ತಾನೂ ಮಲಗಿಬಿಟ್ಟ ಹಾಗೆ. ಅಂಥ ಶನಿವಾರದ ಬೆಳಿಗ್ಗೆಯೂ ಚರ್ಚಿನ ಹಿಂದಿನ ಹಾಲಿನಲ್ಲಿ ಕಾಫಿ ಹಬೆಯಾಡುತ್ತಿತ್ತು. ಊರವರು ಅಟ್ಟದ ಮೇಲಿನ ಶೂ ಡಬ್ಬಿಗಳಿಂದ ಹಳೆಯ ಫೋಟೋ ಹುಡುಕಿ ತರುವರು. ‘ನಮ್ಮಜ್ಜ ಒರಗಿಕೊಂಡಿರೋ ಈ ಕಾರು ಯಾವುದು?’ ಎಂದು ಕೇಳುವರು. ಹೇಳುವವನು ಡೆಲ್ಬರ್ಟ್.

ಆದರೆ ಅವನ ಕಣ್ಣಿಗೂ ಮಂಜು ಕವಿದು ವರ್ಷವಾಗಿತ್ತು. ಎದುರು ಕುರ್ಚಿಯಲ್ಲಿ ಕೂತು ವರ್ನಾ ನೋಡಿ ಹೇಳಬೇಕು, ಅವನು ಕೇಳಿ ಗುರುತು ಹಿಡಿಯಬೇಕು.

“ಮೂತಿ ಹೇಗಿದೆ?”

“ನಿಮ್ಮ ಗಲ್ಲದ ಹಾಗೆ. ಮೇಲೆ ಅಗಲ, ಕೆಳಗೆ ಚೂಪು.”

“ಬಾನೆಟ್ಟಿನ ಪಕ್ಕಕ್ಕೆ ಹಿಡಿ ಒಂದೋ, ಎರಡೋ?”

“ಎರಡು.”

“ಹಾಗಾದ್ರೆ ಮೂವತ್ನಾಲ್ಕರ ಫೋರ್ಡು. ಒಂದಿದ್ದಿದ್ರೆ ಮೂವತ್ಮೂರು. ಬಂಪರ್ ನೋಡು.”

“ಕಾಣಲ್ಲ. ಒಬ್ಬಳು ಮಗು ಎತ್ಕೊಂಡು ನಿಂತಿದಾಳೆ.”

“ಥತ್! ಸ್ವಲ್ಪ ಪಕ್ಕಕ್ಕೆ ಸರಿಯೋಕೆ ಏನಾಗಿತ್ತಂತೆ?”

ಪಕ್ಕದ ಮೇಜಿನಿಂದ ಹಾಯ್ಟ್ ಕೂಗಿದ: “ವರ್ನಾ, ನೀನೂ ಒಂದು ಬಂಪರ್ ಕಟ್ಕೊಂಡು ಬಾ ಮಾರಾಯ್ತಿ. ಆಗ್ಲಾದ್ರೂ ಈ ಮುದುಕ ನಿನ್ನ ಕಡೆ ತಿರುಗ್ತಾನೇನೋ!”

ಎಲ್ಲರೂ ನಕ್ಕರು. ವರ್ನಾಳೂ ನಕ್ಕಳು. ಗಂಡ ಹೋದ ಮೇಲೆ ಮುಟ್ಟದ ತುಟಿಯ ಬಣ್ಣವನ್ನು ಅವಳು ಶನಿವಾರಗಳಂದು ಮಾತ್ರ ಹಚ್ಚುತ್ತಿದ್ದಳು. ಹಚ್ಚಿ, ‘ಯಾರಿಗೆ ಕಾಣಬೇಕೇ ಇದು, ಹುಚ್ಚಿ?’ ಎಂದು ಕನ್ನಡಿಯನ್ನು ಬೈಯುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಇರುವ ಚೂರು ಬೆಳಕೂ ಆರುತ್ತದೆಂದು ಡಾಕ್ಟರು ಅವನಿಗೆ ಹೇಳಿದ್ದರು. ಅಷ್ಟರೊಳಗೆ ಒಮ್ಮೆ, ಒಂದೇ ಒಂದು ಸಲ, ಅವನು ತನ್ನನ್ನು ನೋಡಲಿ ಎಂದು ಅವಳು ಭಾನುವಾರ ಮಂಡಿಯೂರಿ ಬೇಡುವಳು. ರಾಜ್ಯ ಕೇಳಿದವಳಲ್ಲ, ಭಾಗ್ಯ ಕೇಳಿದವಳಲ್ಲ. ಆದರೂ ಮೇಲಿನವನು ಮಾತಾಡಲಿಲ್ಲ.

ಆ ದಿನ ಓರೆಗಾನ್ ಕಡೆಯ ಹೆಂಗಸೊಬ್ಬಳು ಬಂದು ಒಂದು ಫೋಟೋ ಕೊಟ್ಟಳು. “ನಮ್ಮ ಚಿಕ್ಕಮ್ಮ ತೀರ್ಕೊಂಡ್ರು. ಇದು ಅವರ ಬೈಬಲ್ ಒಳಗಿತ್ತು. ಯಾವ ಕಾರು ಅಂತ ಗೊತ್ತಾದ್ರೆ ಸಾಕಿತ್ತು,” ಎಂದು ಹೇಳಿ ಕಾಫಿ ತರಲು ಹೋದಳು.

ವರ್ನಾ ಫೋಟೋವನ್ನು ಬೆಳಕಿಗೆ ಹಿಡಿದಳು. “ಮೂತಿ ಮೂವತ್ತೆರಡರದ್ದು, ಮೈ ಅದಕ್ಕಿಂತ ಹಳೇದು. ಮಡ್‌ಗಾರ್ಡ್ ಕಿತ್ತು ಹಾಕಿದಾರೆ.”

“ಹಾಟ್ ರಾಡ್. ಹುಡುಗ್ರು ಕೈಯಾರೆ ಕಟ್ಟಿದ್ದು. ನೆಲ?”

“ಬೆಳ್ಳಗೆ, ಬಿರುಕು ಬಿರುಕು. ಒಣಕೆರೆ.”

“ರೇಸಿಗೆ ಬಂದದ್ದು. ಬಾನೆಟ್ಟಿಗೆ ಬೆಲ್ಟ್ ಬಿಗಿದಿರ್ತಾರೆ ನೋಡು, ಗಾಳಿಗೆ ಹಾರದ ಹಾಗೆ. ಚರ್ಮದ್ದು.”

“ಬೆಲ್ಟಿದೆ. ಚರ್ಮದ್ದಲ್ಲ, ಬಟ್ಟೇದು. ಚುಕ್ಕಿ ಚುಕ್ಕಿ. ಹೆಂಗಸರ ಫ್ರಾಕಿಂದು.”

ಡೆಲ್ಬರ್ಟನ ಕೈಯಿಂದ ಕಪ್ಪು ಜಾರಿತು. ಮೇಜಿನ ಮೇಲೆ ಹರಿದ ಕಾಫಿಯನ್ನು ಅವನು ಒರೆಸಲಿಲ್ಲ.

“ಯಾರಾದ್ರೂ... ನಿಂತಿದಾರಾ?”

“ಅಂಚಲ್ಲಿ ಒಬ್ಬ ಹುಡುಗಿ. ಫೋಟೋದಲ್ಲಿ ಅರ್ಧ ಮಾತ್ರ ಬಿದ್ದಿದಾಳೆ. ಅದೇ ಚುಕ್ಕಿ ಫ್ರಾಕು. ಬೆಲ್ಟಿಲ್ಲದೆ ಜೋಲ್ತಾ ಇದೆ.”

“ಜೂನೆಟ್,” ಎಂದ ಅವನು. “ಕಾರು ನನ್ನದು. ಫೋಟೋ ತೆಗೆದವನೂ ನಾನೇ. ಚರ್ಮದ ಬೆಲ್ಟ್ ಹರಿದೋಯ್ತು, ತನ್ನದೇ ಬಿಚ್ಚಿ ಕೊಟ್ಲು. ನಾನು ಕ್ಯಾಮೆರಾ ಹಿಡಿದು ಏನಂದೆ ಗೊತ್ತಾ? ಸ್ವಲ್ಪ ಪಕ್ಕಕ್ಕೆ ಸರಿ, ಕಾರು ಕಾಣ್ತಿಲ್ಲ ಅಂದೆ. ಸರಿದ್ಲು. ಸರಿದು ಸರಿದು ಓರೆಗಾನ್ ಸೇರಿದ್ಲು. ಅವಳು ಬಸ್ ಹತ್ತೋವಾಗ್ಲೂ ನಾನು ಕಾರಿನ ಅಡಿಯಲ್ಲೇ ಮಲಗಿದ್ದೆ.”

ವರ್ನಾ ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ತಂದಳು.

“ಅವಳ ಜೊತೆ ಹೋದ ಈ ಫೋಟೋ ಎಲ್ಲಾದ್ರೂ ಸಿಕ್ಕೀತು ಅಂತ್ಲೇ ಕಂಡಕಂಡೋರ ಫೋಟೋ ನೋಡಿದ್ದು. ಆ ಕಾರಿನ ಒಂದೊಂದು ಬೋಲ್ಟೂ ನೆನಪಿದೆ. ಅವಳ ಮುಖ ನೆನಪಿಲ್ಲ. ಈಗ ಮುಖ ಬಂತು, ಕಣ್ಣಿಲ್ಲ. ಹೋದವಳು ಮತ್ತೆ ಹೋದ್ಲು. ಹೇಗಿದಾಳೆ ಹೇಳು, ವರ್ನಾ.”

ಸತ್ತವಳ ಮುಖಕ್ಕೆ ಸುಳ್ಳು ಹೇಳಬಾರದು. ವರ್ನಾ ನಿಧಾನವಾಗಿ ಶುರು ಮಾಡಿದಳು.

“ಕಾರು ನೋಡ್ತಿಲ್ಲ ಅವಳು. ಕ್ಯಾಮೆರಾ ಹಿಡಿದೋನನ್ನೇ ನೋಡ್ತಿದಾಳೆ. ನಗು ಇದೆ, ಆದ್ರೆ ಬೇಡ್ಕೊಳ್ಳೋ ಹಾಗಿದೆ. ಇವತ್ತಾದ್ರೂ ಕಂಡೇನಾ ಅಂತ ತುಟಿಗೆ ಕೆಂಪು ಹಚ್ಕೊಂಡು ಬಂದು, ಬರೀ ಬಂಪರ್ ಸುದ್ದಿ ಕೇಳಿ, ಮನೆಗೆ ಹೋಗಿ ಅದನ್ನ ಒರೆಸ್ಕೊಳ್ಳೋಳ ಹಾಗೆ...”

ಡೆಲ್ಬರ್ಟ್ ಮುಖವೆತ್ತಿ ಅವಳತ್ತ ತಿರುಗಿದ.

“ವರ್ನಾ, ಅದು ಕಪ್ಪು ಬಿಳುಪಿನ ಫೋಟೋ. ಕೆಂಪು ಹೇಗೆ ಕಾಣ್ತು?”

ಅವಳು ದಡಕ್ಕನೆ ಎದ್ದಳು. ಅವನ ಮುಖ ಅವಳತ್ತಲೇ ಇತ್ತು, ಕಣ್ಣು ಮಾತ್ರ ಎಲ್ಲೋ ಇತ್ತು.

“ಸ್ವಲ್ಪ ಪಕ್ಕಕ್ಕೆ ಸರಿ,” ಎಂದ.

ಅದೇ ಮಾತು. ಇಷ್ಟೆಲ್ಲ ಆದ ಮೇಲೂ ಅದೇ ಮಾತು! ವರ್ನಾ ಕೋಟೆತ್ತಿಕೊಂಡು ಸರಿದಳು.

“ಇನ್ನೊಂಚೂರು... ನಿಲ್ಲು. ಅಲ್ಲೇ ನಿಲ್ಲು!” ಅವನು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದ. “ನೇರ ನೋಡಿದ್ದೆಲ್ಲ ಮಾಯ ಆಗುತ್ತೆ ನಂಗೆ. ಕಣ್ಣಂಚಲ್ಲಿ ಮಾತ್ರ ಒಂದಿಷ್ಟು ಉಳಿದಿದೆ. ನೀನು ವರ್ಷವಿಡೀ ಎದುರಿಗೇ ಕೂತಿದ್ಯಲ್ಲೇ.”

“ಮೊದಲೇ ಹೇಳಬಾರದಿತ್ತಾ?”

“ನಿನ್ನನ್ನ ನೋಡ್ಬೇಕು ಅಂತ ನಂಗೆಲ್ಲಿ ಹೊಳೀತು.”

ಅವಳು ಮೊದಲ ಸಲ ಏಕವಚನದಲ್ಲಿ ಕೇಳಿದಳು: “ಈಗ ಏನು ಕಾಣ್ತಿದೆ ನಿಂಗೆ?”

“ಬಿಳೀ ಕೂದಲು. ನೀಲಿ ಏನೋ... ಕೋಟಾ? ಮುಖ...” ಅವನು ತಲೆಯಾಡಿಸಿದ. “ಮುಖ ಮಂಜು, ವರ್ನಾ.”

ಫೋಟೋಗೆ ನಿಂತವಳ ಹಾಗೆ ಅವಳು ಉಸಿರು ಬಿಗಿಹಿಡಿದಳು. ಒಂದು ಹೆಜ್ಜೆ ಅತ್ತಿತ್ತ ಇಟ್ಟರೂ ಆ ಅಂಚಿನಿಂದ ಬಿದ್ದುಹೋಗುತ್ತಿದ್ದಳು. ಕಿಟಕಿಯಾಚೆ ಊರಿರಲಿಲ್ಲ, ದಾರಿಯಿರಲಿಲ್ಲ.

ಕಾಫಿ ಹಿಡಿದುಕೊಂಡು ಓರೆಗಾನಿನವಳು ಬಂದಳು. “ಕಾರು ಗೊತ್ತಾಯ್ತಾ, ಅಜ್ಜ?”

“ಕಾರು ಯಾವಾಗ್ಲೂ ಬೇಗ ಗೊತ್ತಾಗುತ್ತಮ್ಮ,” ಎಂದ ಡೆಲ್ಬರ್ಟ್, ಖಾಲಿ ಕುರ್ಚಿಯಿಂದ ದೃಷ್ಟಿ ಕದಲಿಸದೆ. “ಪಕ್ಕದಲ್ಲಿ ನಿಂತೋರು ಗೊತ್ತಾಗೋದು ತಡ.”