ಸ್ಟೆಪ್ನಿ ಇಡುವ ಜಾಗ

ಅವಳಿಗೆ ಎರಡನೆಯ ಕೋಣೆ ಇರಲಿಲ್ಲ. ಕಾರು ತೊಳೆಯುವ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಒಂದು ಕಿಟಕಿ, ನಲ್ಲಿಯ ಪಕ್ಕದಲ್ಲೇ ಒಲೆ. ಮಗುವಿಗೆ ಬೇರೆ ಕೋಣೆ ಬೇಕೆಂದು ನ್ಯಾಯಾಧೀಶರು ಮಗಳನ್ನು ಗಂಡನಿಗೆ ಒಪ್ಪಿಸಿದರು. ಅವಳ ಪಾಲಿಗೆ ಉಳಿದದ್ದು ತಿಂಗಳಿಗೆ ನಾಲ್ಕು ಗಂಟೆ. ಎರಡು ಭಾನುವಾರ, ಎರಡೆರಡು ಗಂಟೆ, ಅತ್ತೆಯ ನಡುಮನೆಯಲ್ಲಿ, ಅತ್ತೆಯ ಕಣ್ಣೆದುರಿಗೆ.

ಹೋದ ತಿಂಗಳು ಅತ್ತೆ ಗಡಿಯಾರ ನೋಡುತ್ತಲೇ ಹೇಳಿದ್ದರು.

"ಇನ್ನೆರಡು ತಿಂಗಳಾದ್ಮೇಲೆ ನೀನು ಇಲ್ಲಿಗೆ ಬರೋ ಕಷ್ಟ ಇರಲ್ಲಮ್ಮ. ಅವನಿಗೆ ಸಮುದ್ರದಾಚೆ ಕೆಲಸ ಸಿಕ್ಕಿದೆ. ಮಗೂನೂ ಕರ್ಕೊಂಡು ಹೋಗ್ತಾನೆ."

"ನನ್ನನ್ನ ಒಂದು ಮಾತು ಕೇಳಬೇಕಲ್ವಾ ಅತ್ತೆ?"

"ಕೇಳೋಕೆ ನೀನ್ಯಾರು? ಒಂದು ಕೋಣೆ ಮಾಡ್ಕೊಳ್ಳೋಕೆ ಆಗ್ಲಿಲ್ಲ ನಿನ್ನ ಕೈಲಿ."

ಅವಳು ಅಳಲಿಲ್ಲ. ಅಂಗಡಿಗೆ ಬಂದು ಮೂರು ಕಾರು ತೊಳೆದಳು. ಮೂರನೆಯದು ಮುಗಿಯುವ ಹೊತ್ತಿಗೆ ಯೋಜನೆ ಮುಕ್ಕಾಲು ಸಿದ್ಧವಾಗಿತ್ತು.

ಗಡಿಯಾಚೆ ಅವಳ ಅಕ್ಕ ಇದ್ದಳು. ಇಲ್ಲಿನ ತೀರ್ಪು ಅಲ್ಲಿ ನಡೆಯುತ್ತಿರಲಿಲ್ಲ. ಆದರೆ ಮಗಳ ಪಾಸ್‌ಪೋರ್ಟ್ ಗಂಡನ ಬೀರುವಿನಲ್ಲಿತ್ತು. ಹಾಗಾಗಿ ಗಡಿ ದಾಟುವಾಗ ಕಾರಿನಲ್ಲಿ ಅವಳೊಬ್ಬಳೇ ಇದ್ದಳೆಂದು ದಾಖಲಾಗಬೇಕಿತ್ತು.

ದೇಶದ ಈ ತುದಿಯಿಂದ ಆ ತುದಿಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆಂದು ಅವಳು ಡಂಗುರ ಸಾರಿದಳು. ಗಿರಾಕಿಯೊಬ್ಬ ಬೇಡವೆಂದು ಬಿಟ್ಟುಹೋಗಿದ್ದ ಹಳೆಯ ಉದ್ದನೆಯ ಕಾರನ್ನು ರಿಪೇರಿ ಮಾಡಿಸಿಕೊಂಡಳು. ಅಂಗಡಿಯ ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಡಬ್ಬಾ ಸರ್ಕಲ್ ದಾಟಿದ್ರೆ ನಾನು ಮೀಸೆ ಬೋಳಿಸ್ತೀನಿ." ನಗಲಿ ಎಂದುಕೊಂಡಳು. ನಕ್ಕವರೆಲ್ಲ ಸಾಕ್ಷಿಗಳೇ.

ಶುಕ್ರವಾರ ಹೊರಟಳು. ನಾನೂರು ಕಿಲೋಮೀಟರ್ ಹೋಗಿ, ಕೆರೆ, ಸೇತುವೆ, ಗಾಳಿಯಂತ್ರಗಳ ಮುಂದೆ ವಾರಕ್ಕಾಗುವಷ್ಟು ಫೋಟೊ ತೆಗೆದಳು. ಎಲ್ಲದರಲ್ಲೂ ಪಕ್ಕದ ಸೀಟು ಖಾಲಿ ಕಾಣುವಂತೆ ನೋಡಿಕೊಂಡಳು. ದಿನಕ್ಕೊಂದರಂತೆ ಕಳಿಸುತ್ತ, ಮಾಲೀಕನಿಗೆ 'ಮೀಸೆ?' ಎಂದು ಕೇಳುತ್ತ, ಸಣ್ಣ ರಸ್ತೆಗಳಲ್ಲಿ ಯಾರಿಗೂ ತಿಳಿಯದಂತೆ ಊರಿಗೆ ವಾಪಸು ಬಂದಳು.

ಸೋಮವಾರ ಮಗಳ ಶಾಲೆಯಲ್ಲಿ ಅಲ್ಲೇ ತಂಗುವ ಮೂರು ದಿನದ ಶಿಬಿರ ಶುರುವಾಗುವುದಿತ್ತು. ಬೆಳಿಗ್ಗೆಯೇ ಶಾಲೆಗೆ ಫೋನ್ ಮಾಡಿ, ಅತ್ತೆಯ ಹಾಗೆ ಎರಡು ಸಲ ಗಂಟಲು ಸರಿಮಾಡಿಕೊಂಡು, "ಮಗೂಗೆ ಜ್ವರ, ಕಳಿಸಲ್ಲ" ಎಂದಳು. ಎಂಟು ವರ್ಷ ಆ ಗಂಟಲಿನ ಕೆಳಗೆ ಬಾಳಿದ್ದಳು, ಅಷ್ಟಾದರೂ ದಕ್ಕಬೇಕಲ್ಲ. ಅತ್ತೆ ಮಗುವನ್ನು ಮುಂದಿನ ಗೇಟಿನಲ್ಲಿ ಬಿಟ್ಟುಹೋದರು. ಪ್ರವಾಸಕ್ಕೆ ಹೊರಡುವ ಮೊದಲಿನ ಭಾನುವಾರ ಜಡೆ ಹಾಕುವಾಗ ಅಮ್ಮ ಕಿವಿಯಲ್ಲಿ ಹೇಳಿದ್ದಂತೆ, ಮಗು ಮೈದಾನ ದಾಟಿ ಹಿಂದಿನ ಗೇಟಿನಿಂದ ಹೊರಬಂತು. ಮನೆಯವರ ಪ್ರಕಾರ ಅವಳು ಶಿಬಿರದಲ್ಲಿದ್ದಳು, ಶಾಲೆಯವರ ಪ್ರಕಾರ ಮನೆಯಲ್ಲಿ. ಬುಧವಾರ ಸಂಜೆಯವರೆಗೆ ಯಾರೂ ಹುಡುಕುವಂತಿರಲಿಲ್ಲ. ಗಡಿ ಮುಟ್ಟುವುದು ಬುಧವಾರ ಬೆಳಿಗ್ಗೆ.

ಸ್ಟೆಪ್ನಿಯನ್ನು, ಅಂದರೆ ಹೆಚ್ಚುವರಿ ಚಕ್ರವನ್ನು, ಅವಳು ಮೊದಲೇ ಕಾರಿನ ತಲೆಯ ಮೇಲೆ ಕಟ್ಟಿದ್ದಳು. ಡಿಕ್ಕಿಯ ತಳದಲ್ಲಿ ಅದು ಇರುತ್ತಿದ್ದ ದುಂಡು ಹಳ್ಳಕ್ಕೆ ಫೋಮ್ ಹಾಸಿ, ಗಾಳಿಗೆ ನಾಲ್ಕು ತೂತು ಕೊರೆದಿದ್ದಳು. ಮೇಲೆ ಹಲಗೆ, ಹಲಗೆಯ ಮೇಲೆ ಮ್ಯಾಟು, ಮ್ಯಾಟಿನ ಮೇಲೆ ಸೂಟ್‌ಕೇಸು. ಆರು ವರ್ಷದ ಸಣಕಲು ಮಗು ಮೊಣಕಾಲು ಮಡಚಿದರೆ ಹಿಡಿಸುತ್ತಿತ್ತು. ಸೋಮವಾರ ಒಮ್ಮೆ, ಮಂಗಳವಾರ ಎರಡು ಸಲ ಆಟದಂತೆ ಅಭ್ಯಾಸ ಮಾಡಿಸಿದಳು.

"ನಾನೀಗ ಸ್ಟೆಪ್ನಿನಾ ಅಮ್ಮ?"

"ಹೂಂ."

"ಪಂಚರ್ ಆದ್ರೆ ನನ್ನನ್ನ ಹಾಕ್ತೀಯಾ?"

"ಬಾಯಿ ಮುಚ್ಕೊಂಡಿದ್ರೆ ಹಾಕಲ್ಲ. ನಾನು ಮೂರು ಸಲ ತಟ್ಟಿದ್ಮೇಲೇ ಮಾತು."

ಉಳಿದ ಕೆಲಸ ಅವಳ ಕಸುಬಿನದು. ಹನ್ನೊಂದು ವರ್ಷ ಜನರ ಕಾರಿನ ಒಳಗನ್ನು ಒರೆಸಿದ್ದವಳಿಗೆ ಒಂದು ಕೂದಲು, ಒಂದು ಬಿಸ್ಕತ್ತಿನ ಚೂರು ಎಷ್ಟು ಮಾತಾಡುತ್ತದೆಂದು ಗೊತ್ತಿತ್ತು. ಬುಧವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಸೀಟಿನ ಸಂದಿ, ಬೆಲ್ಟಿನ ಬಕಲ್, ಬಾಗಿಲ ಹಿಡಿ ಎಲ್ಲವನ್ನೂ ಒರೆಸಿದಳು. ಬೆರಳಚ್ಚು ಬೀಳಬಾರದೆಂದು ಮಗಳ ಕೈಗೆ ಸೋಪು ಬಳಿದು, ಬಾಟಲಿಯಲ್ಲಿದ್ದಷ್ಟೇ ನೀರಿನಲ್ಲಿ ತೊಳೆದಳು. ಕೊನೆಗೆ ಗಾಜು. ಅದನ್ನು ಬಿಸಿಲಿಗೆ ಹಿಡಿದು ನೋಡಬೇಕು, ಕಣ್ಣಿಗೇನೂ ಕಾಣದಿದ್ದರೆ ಸ್ವಚ್ಛ. ಇದು ಅವಳೇ ಹೊಸಬರಿಗೆ ಕಲಿಸುತ್ತಿದ್ದ ಪಾಠ.

ಎರಡು ಗಂಟೆ ಬೆಟ್ಟ ಹತ್ತುವಾಗ ಮಗಳು ಹಿಂದಿನ ಸೀಟಿನಲ್ಲಿ ಏನೋ ಗುನುಗುತ್ತ, ಕಿಟಕಿಯ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಕೊನೆಯ ತಿರುವಿನಲ್ಲಿ ಅವಳನ್ನು ಡಿಕ್ಕಿಯ ಹಳ್ಳದೊಳಗೆ ಮಲಗಿಸಿ, ಗಾಜನ್ನು ಮತ್ತೊಮ್ಮೆ ಬಿಸಿಲಿಗೆ ನೋಡಿದಳು. ಏನೂ ಇರಲಿಲ್ಲ.

ಚೆಕ್‌ಪೋಸ್ಟು ಬೆಟ್ಟದ ನೆರಳಿನಲ್ಲಿತ್ತು. ಮುಂದೆ ಹತ್ತು ಲಾರಿ. ಕೊರೆಯುವ ಗಾಳಿ. ಮಗಳಿಗೆ ಚಳಿಯಾದೀತೆಂದು ಅವಳು ಕಿಟಕಿಗಳನ್ನೆಲ್ಲ ಭದ್ರವಾಗಿ ಏರಿಸಿ, ಎಂಜಿನ್ ಆರಿಸಿ, ಇಪ್ಪತ್ತು ನಿಮಿಷ ಕಾದಳು.

"ಒಬ್ರೇನಾ ಅಕ್ಕಾ? ಇಷ್ಟು ದೂರ?" ಕಾವಲಿನವನು ಕೇಳಿದ.

"ಒಬ್ಳೇ."

"ಮೆಚ್ಚಬೇಕು. ನನ್ನ ಹೆಂಡ್ತಿ ತರಕಾರಿಗೂ ನನ್ನ ಎಳ್ಕೊಂಡು ಹೋಗ್ತಾಳೆ. ಸ್ಟೆಪ್ನಿ ಯಾಕೆ ಮೇಲೆ?"

"ಲಗೇಜಿಗೆ ಜಾಗ ಸಾಲ್ಲಿಲ್ಲ."

ಅವನು ಡಿಕ್ಕಿ ತೆರೆದು, ಸೂಟ್‌ಕೇಸು ಅಲುಗಿಸಿ, ಮುಚ್ಚಿದ. ಪಾಸ್‌ಪೋರ್ಟಿಗೆ ಮೊಹರು ಬಿತ್ತು. ಅಡ್ಡಗಂಬ ಮೇಲೇಳತೊಡಗಿತು. ಅವಳು ಕೀಲಿ ತಿರುಗಿಸಿದಳು.

"ಒಂದ್ನಿಮಿಷ ಅಕ್ಕಾ."

ಅವನು ಹಿಂದಿನ ಕಿಟಕಿಯ ಮುಂದೆ ಬಗ್ಗಿ ನಿಂತಿದ್ದ. ಅವಳ ಊರಿನಲ್ಲಿ ವರ್ಷವಿಡೀ ಸೆಕೆ, ಅಲ್ಲಿ ಗಾಜಿಗೆ ಆವಿ ಹಿಡಿದದ್ದನ್ನು ಅವಳು ಕಂಡಿರಲಿಲ್ಲ. ಈಗ ತಾಯಿ ಮಗಳಿಬ್ಬರ ಉಸಿರಿಗೆ ಕಿಟಕಿ ಬೆಳ್ಳಗಾಗಿತ್ತು, ಸೋಪಿನಂಟು ಉಳಿದಿದ್ದ ಬೆರಳು ಆಡಿದ ಕಡೆ ಮಾತ್ರ ಆವಿ ಕೂತಿರಲಿಲ್ಲ. ಅಲ್ಲಿ ಒಂದು ಕಾರು ಮೂಡಿತ್ತು. ಮುಂದೆ ಸ್ಟೀರಿಂಗ್ ಹಿಡಿದ ಜಡೆಯ ಹೆಂಗಸು, ಹಿಂದೆ ಡಿಕ್ಕಿಯಲ್ಲಿ ಒಂದು ಸೊನ್ನೆ, ಸೊನ್ನೆಯೊಳಗೆ ಮುದುಡಿ ಮಲಗಿ ನಗುತ್ತಿರುವ ಪುಟ್ಟ ಹುಡುಗಿ. ಅವನು ಚಿತ್ರ ನೋಡಿದ, ತಲೆಯ ಮೇಲಿನ ಸ್ಟೆಪ್ನಿ ನೋಡಿದ, ನಡೆದುಹೋಗಿ ಡಿಕ್ಕಿಯ ಮೇಲೆ ಬೆರಳಿನಿಂದ ಒಂದು ಸಲ, ಎರಡು ಸಲ, ಮೂರು ಸಲ ತಟ್ಟಿದ. "ಅಮ್ಮಾ, ಬಂದ್ವಾ?" ಎಂದಿತು ಒಳಗಿನ ದನಿ. ಅವಳ ಕೈತಪ್ಪಿ ಹೋದದ್ದು ಆರು ದಿನ, ಎರಡು ಸಾವಿರದ ಮುನ್ನೂರು ಕಿಲೋಮೀಟರ್, ತಿಂಗಳ ಆ ನಾಲ್ಕು ಗಂಟೆ, ಒಬ್ಬಳು ಮಗಳು.